ಐದು ಜನ, ಹನ್ನೆರಡು ಪಿನ್, ಒಂದು ವೀಕೆಂಡ್: ಚಿಕ್ಕಲಸಂದ್ರದಿಂದ ಕರಾವಳಿ ಟ್ರಿಪ್ ಪ್ಲಾನ್ ಮಾಡೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಈ ವಾರ ಒಂದೇ ಪ್ರಶ್ನೆ, ಉತ್ತರ ಮಾತ್ರ ಸ್ವಲ್ಪ ಉದ್ದ.

ಚಿಕ್ಕಲಸಂದ್ರದಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಮನೆಯಲ್ಲಿ ಐದು ಜನ: ಅಪ್ಪ, ಅಮ್ಮ, ಎಂಟನೇ ಕ್ಲಾಸ್ ಓದ್ತಿರೋ ತಮ್ಮ, 74 ವರ್ಷದ ಅಜ್ಜಿ ಮತ್ತು ಇವರು. ಅಜ್ಜಿ ಇದುವರೆಗೂ ಸಮುದ್ರ ನೋಡಿಲ್ಲ. ಐರ್ಲೆಂಡ್‌ನಲ್ಲಿ ಕೆಲಸ ಮಾಡೋ ಕಸಿನ್ ಅಲ್ಲಿನ ಕಡಲ ರಸ್ತೆಯಲ್ಲಿ ಕಾರ್ ಓಡಿಸಿದ ವಿಡಿಯೋ ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ದನ್ನು ನೋಡಿ, ‘ನಮಗೂ ಕರಾವಳಿ ಇದೆಯಲ್ಲ, ನಾವ್ಯಾಕೆ ಹೋಗಬಾರದು’ ಅಂತ ಮನೆಯಲ್ಲಿ ಮಾತು ಬಂತಂತೆ. ಡಿಸೆಂಬರ್‌ನಲ್ಲಿ ಶುಕ್ರವಾರ ರಾತ್ರಿ ಕಾರಲ್ಲಿ ಹೊರಟು ಸೋಮವಾರ ಬೆಳಗ್ಗೆ ವಾಪಸ್. ಮಂಗಳೂರು, ಉಡುಪಿ, ಮಲ್ಪೆ, ಸೇಂಟ್ ಮೇರಿಸ್ ದ್ವೀಪ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ ಎಲ್ಲಾ ಸೇರಿ ಮ್ಯಾಪ್‌ನಲ್ಲಿ ಹನ್ನೆರಡು ಪಿನ್ ಹಾಕಿದ್ದಾರೆ. ‘ಆಗುತ್ತಾ?’ ಅಂತ ಪ್ರಶ್ನೆ.

ಆಗಲ್ಲ. ಲೆಕ್ಕ ನೋಡಿ. ಚಿಕ್ಕಲಸಂದ್ರದಿಂದ ಉತ್ತರಹಳ್ಳಿ ಕಡೆ ಹೋಗಿ ನೈಸ್ ರಸ್ತೆ ಹಿಡಿದು, ತುಮಕೂರು ರಸ್ತೆ ಸೇರಿ, ನೆಲಮಂಗಲದಲ್ಲಿ ಹಾಸನದ ಕಡೆ ತಿರುಗಿ, ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟೋಕೆ ಸುಮಾರು 350 ಕಿ.ಮೀ. ಅಲ್ಲಿಂದ ಕಾರವಾರಕ್ಕೆ ಮತ್ತೆ 270ರ ಹತ್ತಿರ. ಕಾರವಾರದಿಂದ ಬೆಂಗಳೂರಿಗೆ 500ಕ್ಕೂ ಮೇಲೆ. ಒಟ್ಟು 1,100 ಕಿ.ಮೀ. ದಾಟುತ್ತೆ. ಘಾಟಿ, ಊಟ, ಟಾಯ್ಲೆಟ್, ಟೋಲ್ ಎಲ್ಲಾ ಸೇರಿಸಿ ಗಂಟೆಗೆ ಸರಾಸರಿ 50 ಕಿ.ಮೀ. ಅಂತ ಹಿಡಿದರೂ 22 ಗಂಟೆ ಬರೀ ಸೀಟಲ್ಲಿ ಕೂತಿರಬೇಕು. ನಿಮ್ಮ ಹತ್ತಿರ ಇರೋದು ಹೆಚ್ಚೆಂದರೆ 60 ಗಂಟೆ, ಅದರಲ್ಲಿ ನಿದ್ದೆನೂ ಆಗಬೇಕು. ಅಜ್ಜಿಗೆ ಸಮುದ್ರ ಕಾರಿನ ಕಿಟಕಿಯಲ್ಲಿ ಕಾಣಿಸುತ್ತೆ, ಅಷ್ಟೆ.

ಕಸಿನ್ ಓಡಿಸಿದ್ದು ಬಹುಶಃ ವೈಲ್ಡ್ ಅಟ್ಲಾಂಟಿಕ್ ವೇ. ಐರ್ಲೆಂಡ್ ತನ್ನ ಪಶ್ಚಿಮ ಕರಾವಳಿಯ ರಸ್ತೆಗಳನ್ನೆಲ್ಲ ಜೋಡಿಸಿ, ಉದ್ದಕ್ಕೂ ಒಂದೇ ಥರದ ಬೋರ್ಡ್ ಹಾಕಿ, 2014ರಲ್ಲಿ ಪ್ರವಾಸಿಗರಿಗೆ ಅಂತ ಶುರು ಮಾಡಿದ ಸುಮಾರು 2,500 ಕಿ.ಮೀ. ದಾರಿ ಅದು. ವಿಡಿಯೋದಲ್ಲಿ ಒಂದು ನಿಮಿಷಕ್ಕೆ ಮುಗಿಯುತ್ತೆ, ನಿಜ. ನಮ್ಮ ಕರಾವಳಿ ಸುಮಾರು 320 ಕಿ.ಮೀ. ಮಾತ್ರ, ರಾಷ್ಟ್ರೀಯ ಹೆದ್ದಾರಿ 66 ಅದರ ಉದ್ದಕ್ಕೂ ಹೋಗುತ್ತೆ. ಕೇಳೋಕೆ ಚಿಕ್ಕದು. ಆದರೆ ಅವರಿಗಿಲ್ಲದ ಒಂದು ತೊಡಕು ನಮಗಿದೆ. ಡಬ್ಲಿನ್‌ನಲ್ಲಿ ಇರೋರು ಸಮುದ್ರದ ಪಕ್ಕದಲ್ಲೇ ಇದ್ದಾರೆ. ನಾವು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿ ಕೂತಿದ್ದೀವಿ, ನಡುವೆ ಪಶ್ಚಿಮ ಘಟ್ಟ ಇದೆ. ಹಾಗಾಗಿ ನಮ್ಮ ಪ್ಲಾನ್ ಶುರುವಾಗಬೇಕಾದ್ದು ಯಾವ ಬೀಚ್ ಅನ್ನೋದರಿಂದ ಅಲ್ಲ. ಘಾಟಿ ಎಲ್ಲಿ ಇಳಿಯೋದು, ಎಲ್ಲಿ ಹತ್ತೋದು, ನಡುವೆ ಎಷ್ಟು ರಾತ್ರಿ ಮಲಗೋದು ಅನ್ನೋದರಿಂದ.

ನನ್ನ ಸಲಹೆ: ಘಾಟಿ ಒಂದು ಸಲ ಇಳೀರಿ, ಒಂದು ಸಲ ಹತ್ತಿ. ನಡುವೆ ಎರಡೇ ಊರಲ್ಲಿ ತಂಗಿ. ಹನ್ನೆರಡು ಪಿನ್‌ನಲ್ಲಿ ಏಳನ್ನಾದರೂ ಅಳಿಸಿಬಿಡಿ. ಎರಡು ದಿನ ರಜೆ ಹಾಕೋಕೆ ಆಗುತ್ತೆ ಅಂದರೆ ಈ ಟ್ರಿಪ್ ಚೆನ್ನಾಗಿ ಆಗುತ್ತೆ.

ಮೇಲಿನ ತುದಿಯಿಂದ ಕೆಳಗೆ

ಬೆಂಗಳೂರಿನವರು ಸಾಮಾನ್ಯವಾಗಿ ಮಂಗಳೂರಿಗೆ ಇಳಿದು ಉತ್ತರಕ್ಕೆ ಹೋಗ್ತಾರೆ. ಹೋಗ್ತಾ ಹೋಗ್ತಾ ಮನೆಯಿಂದ ದೂರ ಆಗ್ತಾರೆ, ಕೊನೇ ದಿನ ಸುಸ್ತಾದ ಮೇಲೆ ಅತಿ ಉದ್ದದ ದಾರಿ ಉಳಿದಿರುತ್ತೆ. ಇದನ್ನ ತಿರುಗಿಸಿ ನೋಡಿ.

ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಅಂತ ರಾತ್ರಿ ರೈಲಿದೆ. ಸಂಜೆ ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಿಂದ ಹೊರಟು ಕುಣಿಗಲ್, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೇಲೆ ಕರಾವಳಿಗೆ ಇಳಿದು, ಉಡುಪಿ, ಕುಂದಾಪುರ, ಮುರುಡೇಶ್ವರ, ಕುಮಟಾ ದಾಟಿ ಬೆಳಗ್ಗೆ ಕಾರವಾರ ಸೇರುತ್ತೆ. ಉಡುಪಿ ಬರೋ ಹೊತ್ತಿಗೆ ಇನ್ನೂ ಕತ್ತಲು. ಆ ಹೊತ್ತಲ್ಲಿ ಅಜ್ಜಿನ ಎಬ್ಬಿಸಿ, ಲಗೇಜ್ ಇಳಿಸಿ, ರೂಮ್ ಚೆಕ್‌ಇನ್‌ಗೆ ಮಧ್ಯಾಹ್ನದವರೆಗೆ ಕಾಯೋದು ಯಾರಿಗೆ ಬೇಕು? ಗೋಕರ್ಣ ರೋಡ್ ಬರೋವಾಗ ಬೆಳಕು ಹರಿದಿರುತ್ತೆ. ಅಲ್ಲೇ ಇಳೀರಿ. ಸ್ಟೇಷನ್ನಿಂದ ಗೋಕರ್ಣ ಊರು ಸುಮಾರು ಒಂಬತ್ತು ಹತ್ತು ಕಿ.ಮೀ., ಆಟೋ ಸಿಗುತ್ತೆ.

ಮನೆಯಿಂದ ರೈಲಿಗೂ ಕಷ್ಟವಿಲ್ಲ. ಚಿಕ್ಕಲಸಂದ್ರದಿಂದ ಬನಶಂಕರಿ ಮೆಟ್ರೋವರೆಗೆ ಆಟೋ, ಅಲ್ಲಿಂದ ಹಸಿರು ಮಾರ್ಗದಲ್ಲಿ ಬದಲಾಯಿಸದೆ ಮೆಜೆಸ್ಟಿಕ್. ಸಂಜೆ ಹೊತ್ತು ಕಾರಲ್ಲಿ ಮೆಜೆಸ್ಟಿಕ್‌ಗೆ ಹೊರಟವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಪ್ಲಾನ್ ಹೀಗೆ: ಬುಧವಾರ ರಾತ್ರಿ ರೈಲು. ಗುರುವಾರ, ಶುಕ್ರವಾರ ಗೋಕರ್ಣದಲ್ಲಿ ವಾಸ. ಶನಿವಾರ ಕ್ಯಾಬ್‌ನಲ್ಲಿ ನಿಧಾನವಾಗಿ ದಕ್ಷಿಣಕ್ಕೆ ಇಳಿದು ಸಂಜೆ ಉಡುಪಿ. ಭಾನುವಾರ ಉಡುಪಿ, ಮಲ್ಪೆ. ಅದೇ ಪಂಚಗಂಗಾ ಸಂಜೆ ಕಾರವಾರದಿಂದ ಹೊರಟು ರಾತ್ರಿ ಉಡುಪಿಗೆ ಬರುತ್ತೆ, ಅದನ್ನ ಹತ್ತಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ಕಡಲತೀರದಲ್ಲಿ ನಾಲ್ಕು ಪೂರ್ತಿ ದಿನ, ರೂಮಿನ ಬಾಡಿಗೆ ಮೂರು ರಾತ್ರಿಗೆ ಮಾತ್ರ. ರೈಲಿನ ಸಮಯ ಆಗಾಗ ಬದಲಾಗುತ್ತೆ, ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿನೇ ಬೇರೆ, ಹಾಗಾಗಿ ಬುಕ್ ಮಾಡೋ ದಿನ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡ್ಕೊಳ್ಳಿ.

ರಾತ್ರಿ ರೈಲಲ್ಲಿ ಘಾಟಿ ಕಾಣಲ್ಲ ಅನ್ನೋದೊಂದು ಬೇಜಾರು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಇಳಿಜಾರು. ಯಶವಂತಪುರದಿಂದ ಮಂಗಳೂರಿಗೆ ಹಗಲು ಹೋಗೋ ರೈಲಿಗೆ 2021ರ ಜುಲೈನಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದ್ದು ಇದನ್ನ ನೋಡೋಕೇ. ಆದರೆ ಹಗಲು ರೈಲು ಅಂದರೆ ಒಂದು ದಿನ ಪೂರ್ತಿ ಹೋಯ್ತು. ನಾಲ್ಕು ದಿನದ ಟ್ರಿಪ್‌ಗೆ ನಾನಂತೂ ಅದನ್ನ ಸೇರಿಸಲ್ಲ. ಘಾಟಿ ನೋಡೋಕೆ ಅಂತಲೇ ಇನ್ನೊಮ್ಮೆ ಹೋಗಿ.

ಗೋಕರ್ಣದಲ್ಲಿ ರೂಮ್ ಹುಡುಕೋವಾಗ ‘ಓಂ ಬೀಚ್ ವ್ಯೂ’ ಅಂತ ನೋಡಿ ಮರುಳಾಗಬೇಡಿ. ಓಂ, ಕುಡ್ಲೆ ಎರಡಕ್ಕೂ ಮೇಲಿಂದ ಮೆಟ್ಟಿಲು ಇಳಿಜಾರು ಇಳಿಯಬೇಕು. ಮಂಡಿನೋವಿನ ಅಜ್ಜಿಗೆ ಇಳಿಯೋದಕ್ಕಿಂತ ವಾಪಸ್ ಹತ್ತೋದೇ ಶಿಕ್ಷೆ. ಊರಿನ ಬೀಚ್ ಸಮತಟ್ಟು, ಮಹಾಬಲೇಶ್ವರ ದೇವಸ್ಥಾನದ ಹಿಂದೆನೇ ಇದೆ. ಇನ್‌ಸ್ಟಾಗ್ರಾಮ್‌ನವರು ಅದನ್ನ ಅಷ್ಟಾಗಿ ಹೊಗಳಲ್ಲ, ಆದರೆ ಅಜ್ಜಿಗೆ ಮೊದಲ ಸಲ ಸಮುದ್ರ ನೋಡೋಕೆ ಅದೇ ಸರಿ. ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಗೊಂಡು ಒಣ ಮರಳಲ್ಲಿ ಹಾಕಿ ಕೂರಿಸಿ. ಸಂಜೆ ಸೂರ್ಯ ನೇರ ನೀರಿಗೇ ಇಳೀತಾನೆ. ಓಂ ಬೀಚ್‌ಗೆ ನೀವೂ ತಮ್ಮನೂ ಮಾರನೇ ದಿನ ಹೋಗಿ ಬನ್ನಿ. ಎಲ್ಲರೂ ಎಲ್ಲಾ ಕಡೆ ಒಟ್ಟಿಗೇ ಹೋಗಬೇಕು ಅಂತ ಹಠ ಹಿಡಿದರೆ ಫ್ಯಾಮಿಲಿ ಟ್ರಿಪ್‌ನಲ್ಲಿ ಜಗಳ ಶುರುವಾಗೋದು ಅಲ್ಲೇ.

ಶನಿವಾರದ ದಾರಿ ಸುಮಾರು 180 ಕಿ.ಮೀ. ನನ್ನ ಪ್ರಕಾರ ಈ ಟ್ರಿಪ್‌ನ ಅತ್ಯುತ್ತಮ ದಿನ ಇದು. ಕುಮಟಾ ಬರೋಕೆ ಮುಂಚೆ ಮಿರ್ಜಾನ್ ಕೋಟೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರೋ ಜಾಗ, ಸೇತುವೆ ದಾಟಿದ ಕೂಡಲೇ ಕಾಸರಕೋಡು ಬೀಚ್. ಕೇರಳದ ಕಾಸರಗೋಡು ಅಲ್ಲ, ಮ್ಯಾಪ್‌ನಲ್ಲಿ ಹುಷಾರು. 2020ರಲ್ಲಿ ಇದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡೋ ಮಾನ್ಯತೆ ಅದು. ಅಮ್ಮನಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳಬೇಕು ಅಂದರೆ, ಬಟ್ಟೆ ಬದಲಿಸೋಕೆ ಕೋಣೆ ಇದೆ, ಟಾಯ್ಲೆಟ್ ಇದೆ. ಮುಂದೆ ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವ, ಪಕ್ಕದಲ್ಲಿ 20 ಅಂತಸ್ತಿನ ಗೋಪುರ. ಗೋಪುರಕ್ಕೆ ಲಿಫ್ಟ್ ಇದೆ! ಅಜ್ಜಿಯೂ ಮೇಲೆ ಹೋಗಿ ಇಡೀ ಕಡಲನ್ನ ನೋಡಬಹುದು. ಸಂಜೆ ಮರವಂತೆ. ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಾರನ್ನ ಹೆದ್ದಾರಿ ಅಂಚಲ್ಲೇ ನಿಲ್ಲಿಸಿ ಫೋಟೋಗೆ ಓಡೋರನ್ನ ನೋಡಿದರೆ ಎದೆ ಝಲ್ ಅನ್ನುತ್ತೆ. ನಿಲ್ಲಿಸೋ ಜಾಗದಲ್ಲೇ ನಿಲ್ಲಿಸಿ.

ಕ್ಯಾಬ್ ಮಾತಾಡೋವಾಗ ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ ಎಷ್ಟು, ಗಾಡಿ ಖಾಲಿ ವಾಪಸ್ ಹೋಗೋದಕ್ಕೂ ದುಡ್ಡು ಸೇರಿದೆಯಾ ಅಂತ ಮೊದಲೇ ಕೇಳಿ. ಒನ್‌ವೇ ಅಂದರೂ ಗೋಕರ್ಣದಿಂದ ಉಡುಪಿಗೆ ಬಂದ ಗಾಡಿ ಗೋಕರ್ಣಕ್ಕೇ ಹೋಗಬೇಕಲ್ಲ. ಬಜೆಟ್ ಕಮ್ಮಿ ಅಂದರೆ ಬಸ್ ಇದೆ. 2023ರ ಜೂನ್ 11ರಿಂದ ಜಾರಿಯಲ್ಲಿರೋ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ಉಚಿತ. ನಿಮ್ಮ ಮನೆಯ ಐವರಲ್ಲಿ ಮೂವರಿಗೆ ದುಡ್ಡಿಲ್ಲ. ಆದರೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡೋದು ಹೆಚ್ಚಾಗಿ ಖಾಸಗಿ ಬಸ್, ಅಲ್ಲಿ ಇದು ನಡೆಯಲ್ಲ.

ಉಡುಪಿಯಲ್ಲಿ ಭಾನುವಾರ ಎರಡು ಗುಂಪಾಗಿ. ಅಜ್ಜಿ, ಅಮ್ಮ ಬೆಳಗ್ಗೆ ಕೃಷ್ಣ ಮಠ. ನೀವು, ಅಪ್ಪ, ತಮ್ಮ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪದ ಮೊದಲ ದೋಣಿ. ದೋಣಿ ಹತ್ತಿ ಇಳಿಯೋದು ವಯಸ್ಸಾದವರಿಗೆ ಕಷ್ಟ, ಅದಕ್ಕೇ ಈ ಹಂಚಿಕೆ. ಆ ದ್ವೀಪದಲ್ಲಿ ಯಾರೋ ಅಚ್ಚು ಹಾಕಿ ಜೋಡಿಸಿದ ಹಾಗೆ ಕಲ್ಲಿನ ಕಂಬಗಳು ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ, ಲಾವಾ ತಣ್ಣಗಾಗಿ ಕುಗ್ಗುತ್ತಾ ಬಿರುಕು ಬಿಟ್ಟು ಆದ ಆಕಾರ. ನಿಮ್ಮ ಕಸಿನ್‌ಗೆ ಇದರ ಫೋಟೋ ಕಳಿಸಿ. ಐರ್ಲೆಂಡ್ ದ್ವೀಪದ ಉತ್ತರದ ಅಂಚಿನಲ್ಲಿ ಜೈಂಟ್ಸ್ ಕಾಸ್‌ವೇ ಅಂತ ಇದೇ ಥರದ ಸುಮಾರು 40,000 ಕಂಬಗಳಿವೆ, ಯುನೆಸ್ಕೊ ಪಟ್ಟಿಯಲ್ಲಿದೆ, ಪ್ರಪಂಚವೆಲ್ಲ ಅದನ್ನ ನೋಡೋಕೆ ಹೋಗುತ್ತೆ. ಅದರ ವಯಸ್ಸು ಸುಮಾರು 6 ಕೋಟಿ ವರ್ಷ. ನಮ್ಮದೇ ದೊಡ್ಡಣ್ಣ.

ಊಟದ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಅದನ್ನ ಹುಡುಕೋದರಲ್ಲಿ ನೀವೆಲ್ಲ ನನಗಿಂತ ಮುಂದೆ. ಗೋಳಿಬಜೆ, ನೀರುದೋಸೆ, ಗಡ್‌ಬಡ್ ಯಾರೂ ಬಿಡಲ್ಲ. ಗೋಕರ್ಣದ ಕಡೆ ಮುರುಗಲು ಅಂತ ಕೊಡೋ ಶರಬತ್ತು ಉಡುಪಿಗೆ ಬಂದರೆ ಪುನರ್ಪುಳಿ ಆಗುತ್ತೆ, ಹಣ್ಣು ಒಂದೇ. ಮೀನಿಗೋಸ್ಕರವೇ ಹೋಗೋರು ಮಾತ್ರ ಒಂದು ನೆನಪಿಡಿ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಹೊತ್ತಲ್ಲಿ ತಾಜಾ ಬಂಗುಡೆ, ಅಂಜಲ್ ಸಿಗೋದು ಕಮ್ಮಿ, ಸಿಕ್ಕರೆ ರೇಟು ಜಾಸ್ತಿ.

ಯಾವಾಗ ಹೋಗೋದು

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್ ಮೇನಲ್ಲಿ ಮಕ್ಕಳಿಗೆ ರಜೆ ಇರುತ್ತೆ, ಆದರೆ ಆ ಸೆಕೆ ಬೆಂಗಳೂರಿನವರ ಮೈಗೆ ಒಗ್ಗಲ್ಲ, ಅಜ್ಜಿಗಂತೂ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಕರಾವಳಿ ನೋಡೋಕೆ ಅದ್ಭುತ, ಪ್ಲಾನ್ ಮಾಡೋಕೆ ಅಪಾಯ. 2024ರ ಜುಲೈ ತಿಂಗಳೊಂದನ್ನೇ ತಗೊಳ್ಳಿ. 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೇ ಬಿತ್ತು, ಜನ ಸತ್ತರು, ದಿನಗಟ್ಟಲೆ ರಸ್ತೆ ಬಂದ್. ಅದೇ ತಿಂಗಳ 26ರಂದು ಸಕಲೇಶಪುರ ಘಾಟಿಯಲ್ಲಿ ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ನಿಂತವು. ಸೇಂಟ್ ಮೇರಿಸ್ ದೋಣಿ ಮಳೆಗಾಲದಲ್ಲಿ ಇರಲ್ಲ. ಮಲ್ಪೆಯಲ್ಲಿ ಜನ ನೀರಿಗೆ ಇಳಿಯದಂತೆ ದಡದುದ್ದಕ್ಕೂ ಬಲೆ ಕಟ್ಟುತ್ತಾರೆ.

ಡಿಸೆಂಬರ್ ಆರಿಸಿದ್ದು ಸರಿ, ಕ್ರಿಸ್‌ಮಸ್ ವಾರ ಬಿಟ್ಟರೆ ಇನ್ನೂ ಸರಿ. ಆ ವಾರ ಗೋಕರ್ಣದಲ್ಲಿ ರೂಮ್ ರೇಟು ಎಲ್ಲಿಗೋ ಹೋಗಿರುತ್ತೆ.

ಈಗ ನೀರಿನ ವಿಷಯ

ಸ್ವಲ್ಪ ಗಮನ ಇಟ್ಟು ಕೇಳಿ. ಡಿಸೆಂಬರ್‌ನಲ್ಲಿ ಕಡಲು ಶಾಂತವಾಗಿರುತ್ತೆ ಅಂತ ನಾವು ಅಂದುಕೊಳ್ತೀವಿ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ಮಕ್ಕಳು. ಮಳೆಗಾಲ ಅಲ್ಲ, ಚಂಡಮಾರುತ ಅಲ್ಲ, ಟೂರ್ ಸೀಸನ್‌ನ ಒಂದು ಮಾಮೂಲಿ ದಿನ. ಬಯಲುಸೀಮೆಯ ನಮಗೆ ನೀರು ಅಂದರೆ ಕೆರೆ, ಬಾವಿ, ಸ್ವಿಮ್ಮಿಂಗ್ ಪೂಲ್. ಅಲ್ಲಿ ಆಳ ಎಷ್ಟು ಅನ್ನೋದಷ್ಟೇ ಪ್ರಶ್ನೆ. ಸಮುದ್ರದಲ್ಲಿ ಆಳಕ್ಕಿಂತ ಮುಖ್ಯವಾದದ್ದು ಸೆಳೆತ.

ಇದು ಹೇಗೆ ಆಗುತ್ತೆ ಅಂದರೆ, ಅಲೆಗಳು ದಡಕ್ಕೆ ನೀರು ತಂದು ಸುರೀತಾನೇ ಇರುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ನೀರಿನಡಿಯ ಮರಳು ದಿಬ್ಬಗಳ ನಡುವೆ ಎಲ್ಲಿ ತಗ್ಗು ಇದೆಯೋ ಅಲ್ಲಿ ಎಲ್ಲಾ ನೀರು ಸೇರಿಕೊಂಡು, ಒಂದು ಕಿರಿದಾದ ಕಾಲುವೆಯ ಹಾಗೆ, ಕಡಲ ಕಡೆಗೆ ಜೋರಾಗಿ ಹರಿಯುತ್ತೆ. ಇದಕ್ಕೆ ರಿಪ್ ಕರೆಂಟ್ ಅಂತಾರೆ. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತೆ. ಒಲಿಂಪಿಕ್ ಈಜುಗಾರರೂ ಅದರ ಎದುರು ಈಜಿ ದಡ ಸೇರೋಕೆ ಆಗಲ್ಲ. ಮೋಸ ಏನಂದರೆ, ಆ ತಗ್ಗಿನಲ್ಲಿ ಅಲೆ ಒಡೆಯಲ್ಲ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ನಯವಾಗಿ, ಸ್ವಲ್ಪ ಕಪ್ಪಾಗಿ ಅಥವಾ ಮರಳು ಕಲಕಿದ ಬಣ್ಣದಲ್ಲಿ ಕಾಣುತ್ತೆ. ಅಲೆಗೆ ಹೆದರೋ ಮಗುವಿಗೆ ‘ನೋಡು, ಅಲ್ಲಿ ಅಲೆ ಇಲ್ಲ, ಅಲ್ಲಿ ಆಡು’ ಅಂತ ಅಪ್ಪ ಅಮ್ಮನೇ ತೋರಿಸ್ತಾರೆ. ತೋರಿಸಬಾರದ ಜಾಗ ಅದೇ.

ರಿಪ್ ನಮ್ಮನ್ನ ಕೆಳಗೆ ಎಳೆಯಲ್ಲ, ಹೊರಗೆ ಎಳೆಯುತ್ತೆ. ಜನ ಮುಳುಗೋದು ಗಾಬರಿಯಲ್ಲಿ ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಬ್ರಿಟನ್, ಐರ್ಲೆಂಡ್ ಕಡಲತೀರಗಳಲ್ಲಿ 1824ರಿಂದ ರಕ್ಷಣಾ ದೋಣಿ ನಡೆಸ್ತಿರೋ ಆರ್‌ಎನ್‌ಎಲ್‌ಐ ಅನ್ನೋ ಸಂಸ್ಥೆ ಅಲ್ಲಿನ ಜನರಿಗೆ ಹೇಳಿಕೊಡೋ ಪಾಠ ತುಂಬಾ ಸರಳ: ಮೊದಲು ತೇಲು. ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಲ್ಲಿ ಮುಳುಗಲಿ, ಕೈಕಾಲು ಅಗಲಿಸಿ, ಉಸಿರು ಹತೋಟಿಗೆ ಬರಲಿ. ಆಮೇಲೆ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ನೇರ ಅಲ್ಲ, ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಗೆ ಬಂದು, ಆಮೇಲೆ ಅಲೆ ಒಡೆಯೋ ಕಡೆಯಿಂದ ದಡಕ್ಕೆ. ಇದನ್ನ ತಮ್ಮನಿಗೆ ರೈಲು ಹತ್ತೋ ಮುಂಚೆ ಮನೆಯಲ್ಲೇ ಹೇಳಿ. ಬೀಚ್‌ನಲ್ಲಿ ಹೇಳಿದರೆ ಯಾವ ಎಂಟನೇ ಕ್ಲಾಸ್ ಹುಡುಗನೂ ಕೇಳಲ್ಲ.

ಮನೆಯಲ್ಲೇ ತೀರ್ಮಾನ ಮಾಡ್ಕೊಂಡು ಹೋಗಬೇಕಾದ್ದು ಇನ್ನೂ ಕೆಲವಿದೆ. ಲೈಫ್‌ಗಾರ್ಡ್ ಇಲ್ಲದ ಕಡೆ ನೀರಿಗೆ ಇಳಿಯೋದಿಲ್ಲ. ಕೆಂಪು–ಹಳದಿ ಬಾವುಟ ನೆಟ್ಟಿದ್ದರೆ ಅವೆರಡರ ನಡುವೆ ಮಾತ್ರ, ಬರೀ ಕೆಂಪು ಇದ್ದರೆ ಇಲ್ಲವೇ ಇಲ್ಲ. ಈಜು ಬರದವರಿಗೆ ಮಂಡಿಯವರೆಗೆ. ಲೈಫ್‌ಗಾರ್ಡ್ ಸೀಟಿ ಊದಿದರೆ ‘ಇನ್ನೊಂದೇ ನಿಮಿಷ ಅಣ್ಣಾ’ ಅನ್ನೋದು ಬೇಡ, ಅವರಿಗೆ ಆ ದಡ ನಮಗೆ ನಮ್ಮ ಬೀದಿ ಗೊತ್ತಿರೋ ಹಾಗೆ ಗೊತ್ತು. ಅಮ್ಮ ಸೀರೆಯಲ್ಲಿ, ನೀವು ದುಪಟ್ಟಾದಲ್ಲಿ ನೀರಿಗೆ ಇಳಿಯಬೇಡಿ, ಒದ್ದೆಯಾದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಮಂಡಿ ನೀರಲ್ಲೂ ಎದ್ದು ನಿಲ್ಲೋಕೆ ಆಗಲ್ಲ. ಅಲೆಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಓಂ ಬೀಚ್‌ನ ಬಂಡೆಗಳ ಮೇಲೆ ಪಾಚಿ ಇರುತ್ತೆ, ಅಲ್ಲಿ ಜಾರಿದರೆ ಬೀಳೋದು ಆಳಕ್ಕೆ. ಗಾಳಿ ತುಂಬಿದ ಟ್ಯೂಬ್ ಕೊಳ್ಳಬೇಡಿ: ಚಳಿಗಾಲದಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತೆ, ಟ್ಯೂಬ್ ಸದ್ದಿಲ್ಲದೆ ಹೊರಗೆ ತೇಲಿಹೋಗುತ್ತೆ.

ಮನೆಯ ಪಂಚಾಂಗಕ್ಕೂ ಇಲ್ಲಿ ಕೆಲಸ ಇದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಇಳಿತ ಎರಡೂ ದೊಡ್ಡದು. ಬೆಳಗ್ಗೆ ನಡೆದುಹೋದ ಬಂಡೆಯಾಚೆಯ ಪುಟ್ಟ ಬೀಚ್‌ನಿಂದ ಕೆಲವೇ ಗಂಟೆಯಲ್ಲಿ ವಾಪಸ್ ಬರೋ ದಾರಿನೇ ಇರಲ್ಲ. ಹೊರಡೋ ದಿನ ತಿಥಿ ಯಾವುದು ಅಂತ ಅಜ್ಜಿನ ಕೇಳಿ, ಅವತ್ತಿನ ಉಬ್ಬರದ ಸಮಯವನ್ನ ಫೋನ್‌ನಲ್ಲಿ ನೋಡಿ. ಅಲೆ ಎತ್ತರದ ಎಚ್ಚರಿಕೆಯನ್ನ ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತೆ, ಅದರ ಆ್ಯಪ್‌ನ ಹೆಸರು ‘ಸಮುದ್ರ’.

ಯಾರಾದರೂ ಕೊಚ್ಚಿಹೋಗ್ತಿದ್ದರೆ ಹಿಂದೆಯೇ ಧುಮುಕಬೇಡಿ. ಒಬ್ಬರನ್ನ ಉಳಿಸೋಕೆ ಹೋಗಿ ಇಬ್ಬರು, ಮೂವರು ಹೋದ ಸುದ್ದಿ ನಾವು ಓದ್ತಾನೇ ಇರ್ತೀವಿ. ಖಾಲಿ ಕ್ಯಾನ್, ಹಗ್ಗ, ತೇಲೋ ಏನಾದರೂ ಎಸೆದು, ಲೈಫ್‌ಗಾರ್ಡ್‌ನ ಕೂಗಿ, 112ಕ್ಕೆ ಕರೆ ಮಾಡಿ.

ಇನ್ನು ಬುಕಿಂಗ್. ಮನೆಯಲ್ಲಿ ಈ ಕೆಲಸ ನಿಮ್ಮ ತಲೆ ಮೇಲೇ ಬಂದಿರುತ್ತೆ ಅಂತ ಗೊತ್ತು, ಫೋನ್ ಚೆನ್ನಾಗಿ ಬಳಸೋದು ನೀವೇ ತಾನೇ. 2024ರ ನವೆಂಬರ್ 1ರಿಂದ ರೈಲು ಟಿಕೆಟ್ 60 ದಿನ ಮುಂಚೆ ಮಾತ್ರ ಸಿಗುತ್ತೆ, ಮೊದಲಿನ 120 ದಿನ ಈಗಿಲ್ಲ. ಹೋಗೋದಕ್ಕಿಂತ ಬರೋ ಟಿಕೆಟ್ ಮೇಲೆ ಹೆಚ್ಚು ಕಣ್ಣಿಡಿ, ಭಾನುವಾರ ರಾತ್ರಿ ಬೆಂಗಳೂರಿಗೆ ಎಲ್ಲರೂ ವಾಪಸ್ ಬರೋರೇ. ತತ್ಕಾಲ್ ಇದೆಯಲ್ಲ ಅಂತ ಕೂರಬೇಡಿ. 2025ರ ಜುಲೈನಿಂದ ಅದಕ್ಕೆ ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು, ಅದನ್ನ ಈಗಲೇ ಮಾಡಿಟ್ಟುಕೊಳ್ಳಿ.

ರೂಮ್ ವಿಷಯದಲ್ಲಿ ಮೋಸ ಹೆಚ್ಚು. ಮ್ಯಾಪ್‌ನಲ್ಲಿ ಹೋಮ್‌ಸ್ಟೇ ಹೆಸರಿನ ಕೆಳಗೆ ಇರೋ ಫೋನ್ ನಂಬರ್ ಅವರದೇ ಆಗಿರಬೇಕಾಗಿಲ್ಲ, ಬೇರೆಯವರು ಬದಲಾಯಿಸಿರಬಹುದು. ‘ಪೂರ್ತಿ ಅಡ್ವಾನ್ಸ್ ಈಗಲೇ ಯುಪಿಐ ಮಾಡಿ, ಇನ್ನು ಎರಡೇ ರೂಮ್ ಉಳಿದಿದೆ’ ಅಂತ ಅವಸರ ಮಾಡಿದರೆ ಫೋನ್ ಇಡಿ. ವಿಡಿಯೋ ಕಾಲ್ ಮಾಡಿ ರೂಮ್ ತೋರಿಸಿ ಅನ್ನಿ. ನಿಜವಾದ ಹೋಮ್‌ಸ್ಟೇಯವರು ತೋರಿಸ್ತಾರೆ, ಅದೇ ಕಾಲ್‌ನಲ್ಲಿ ವೆಸ್ಟರ್ನ್ ಟಾಯ್ಲೆಟ್ ಇದೆಯಾ, ನೆಲಮಹಡಿಯಲ್ಲಿ ರೂಮ್ ಇದೆಯಾ ಅಂತಲೂ ನೋಡಿದ ಹಾಗಾಗುತ್ತೆ. ದುಡ್ಡು ಹೋಗೇಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ಕೊನೇದಾಗಿ ಅಜ್ಜಿಯ ಬರ್ತ್. ಐದೂ ಜನರ ಹೆಸರು ಒಂದೇ ಟಿಕೆಟ್‌ನಲ್ಲಿ ಹಾಕಿದರೆ ಅಜ್ಜಿಗೆ ಲೋವರ್ ಬರ್ತ್ ಸಿಗೋದು ಅದೃಷ್ಟದ ಮಾತು. ಐಆರ್‌ಸಿಟಿಸಿಯಲ್ಲಿ ಹಿರಿಯರಿಗೆ, 45 ದಾಟಿದ ಮಹಿಳೆಯರಿಗೆ ಅಂತ ಲೋವರ್ ಬರ್ತ್ ಕೋಟಾ ಬೇರೆಯೇ ಇದೆ, ಒಂದು ಟಿಕೆಟ್‌ನಲ್ಲಿ ಹೆಚ್ಚೆಂದರೆ ಇಬ್ಬರು. ಅಮ್ಮನಿಗೂ 45 ಆಗಿದ್ದರೆ ಅಜ್ಜಿ, ಅಮ್ಮ ಇಬ್ಬರಿಗೂ ಆ ಕೋಟಾದಲ್ಲಿ ಒಂದು ಟಿಕೆಟ್ ಮಾಡಿ. ನೀವು, ಅಪ್ಪ, ತಮ್ಮ ಸಾಮಾನ್ಯ ಕೋಟಾದಲ್ಲಿ ಇನ್ನೊಂದು. ಬೋಗಿ ಬೇರೆ ಬೇರೆ ಬಂದರೂ ಬರಬಹುದು, ಹಾಗಾಗಿ ಅಜ್ಜಿಯ ಬಿಪಿ ಮಾತ್ರೆ, ನೀರಿನ ಬಾಟಲಿ ಮತ್ತು ಇಬ್ಬರ ಆಧಾರ್ ಕಾರ್ಡ್ ಅಮ್ಮನ ಕೈಚೀಲದಲ್ಲೇ ಇರಲಿ, ನಿಮ್ಮ ಬ್ಯಾಗಲ್ಲಿ ಬೇಡ.